ಸಹಿ ಯಾರದ್ದು, ದುಡ್ಡು ಯಾರದ್ದು

ನನಗೆ ನಟನೆ ಬರುವುದಿಲ್ಲ ಎಂಬುದು ತಂಡದ ಎಲ್ಲರಿಗೂ ಖಾತ್ರಿಯಾದ ಮೇಲೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ರಂಗತಂಡಗಳಲ್ಲಿ ಕಾರ್ಯದರ್ಶಿಗಳು ಹುಟ್ಟುವುದೇ ಹೀಗೆ. ವೋಚರ್, ಆಡಿಟ್, ಅನುದಾನದ ಅರ್ಜಿ ಎಂದು ಓಡಾಡುತ್ತಾ ಕೆಲವು ವರ್ಷಗಳಲ್ಲಿ ಮೇಜಿನ ಆಚೆ ಬದಿಗೂ ಹೋಗಿ ಕೂತೆ. ಬೇರೆ ತಂಡಗಳ ಅರ್ಜಿ ಓದುವ ಸಮಿತಿಗಳಲ್ಲಿ ಸದಸ್ಯನಾದೆ. ಎರಡೂ ಬದಿಯಿಂದ ಕಂಡದ್ದನ್ನು ಈಗ ಹೊಸದಾಗಿ ತಂಡ ಕಟ್ಟುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ. ಅಕಾಡೆಮಿಗಳ ಸ್ವಾಯತ್ತತೆಯ ಬಗ್ಗೆ ನಮ್ಮಲ್ಲಿ ಭಾಷಣಗಳಿಗೆ ಬರವಿಲ್ಲ. ನಾನು ನೋಡಿದ ಮಟ್ಟಿಗೆ ಸ್ವಾಯತ್ತತೆ ಇರುವುದೂ ಇಲ್ಲದಿರುವುದೂ ಮೂರು ಕಾಗದಗಳಲ್ಲಿ: ಸಂಸ್ಥೆಯ ಬೈಲಾ, ಬಜೆಟ್ಟಿನಲ್ಲಿ ಅದಕ್ಕಿರುವ ಶೀರ್ಷಿಕೆ, ಹಣ ಮಂಜೂರು ಮಾಡುವ ಆದೇಶ. ಅಧ್ಯಕ್ಷರ ಗುಣಸ್ವಭಾವ ಆಮೇಲಿನ ಮಾತು.

1. ಮೊದಲು ಸಂಸ್ಥೆಯ ಜಾತಕ ಓದಿ

ದೆಹಲಿಯ ಸಂಗೀತ ನಾಟಕ ಅಕಾಡೆಮಿಯನ್ನೇ ತೆಗೆದುಕೊಳ್ಳಿ. 1940ರ ದಶಕದ ನಡುವೆ ಬಂಗಾಳದ ಏಷ್ಯಾಟಿಕ್ ಸೊಸೈಟಿ ಒಂದು ರಾಷ್ಟ್ರೀಯ ಸಾಂಸ್ಕೃತಿಕ ಟ್ರಸ್ಟ್ ಬೇಕೆಂದು ಬ್ರಿಟಿಷ್ ಸರ್ಕಾರದ ಮುಂದೆ ಪ್ರಸ್ತಾವ ಇಟ್ಟಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕಲ್ಕತ್ತೆಯಲ್ಲಿ 1949ರಲ್ಲಿ, ದೆಹಲಿಯಲ್ಲಿ 1951ರಲ್ಲಿ ಸಮ್ಮೇಳನಗಳು ನಡೆದು ಮೂರು ಅಕಾಡೆಮಿಗಳ ರೂಪುರೇಷೆ ಗಟ್ಟಿಯಾಯಿತು. ಸಂಗೀತ ನಾಟಕ ಅಕಾಡೆಮಿ ಹುಟ್ಟಿದ್ದು 1952ರ ಮೇ ತಿಂಗಳಲ್ಲಿ ಶಿಕ್ಷಣ ಸಚಿವಾಲಯ ಹೊರಡಿಸಿದ ಒಂದು ನಿರ್ಣಯದಿಂದ. 1953ರ ಜನವರಿ 28ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅದನ್ನು ಉದ್ಘಾಟಿಸಿದರು. ಮೊದಲ ಅಧ್ಯಕ್ಷರು ಪಿ.ವಿ. ರಾಜಮನ್ನಾರ್, ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಬಿಡುವಿನಲ್ಲಿ ತೆಲುಗು ನಾಟಕ ಬರೆದವರು. ಸಾಹಿತ್ಯ ಅಕಾಡೆಮಿ ಮತ್ತು ಲಲಿತ ಕಲಾ ಅಕಾಡೆಮಿ 1954ರಲ್ಲಿ ಬಂದವು.

ಇಲ್ಲಿ ಗಮನಿಸಬೇಕಾದದ್ದು, ಇವುಗಳಲ್ಲಿ ಒಂದೂ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ. ಸಂಗೀತ ನಾಟಕ ಅಕಾಡೆಮಿ 1961ರ ಸೆಪ್ಟೆಂಬರಿನಲ್ಲಿ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘವಾಗಿ ದಾಖಲಾಯಿತು. 1860ರ ಆ ಕಾಯ್ದೆಯ ನೆರಳಿನಲ್ಲೇ ನಮ್ಮ ಊರುಗಳ ಎಷ್ಟೋ ಕ್ಲಬ್ಬುಗಳು, ಭಜನಾ ಮಂಡಳಿಗಳು ಹುಟ್ಟಿವೆ. (ಕರ್ನಾಟಕದಲ್ಲಿ ಈಗ ನಾವು ನೋಂದಣಿ ಮಾಡಿಸುವುದು 1960ರ ರಾಜ್ಯ ಕಾಯ್ದೆಯಡಿ, ಅರ್ಜಿಯಲ್ಲಿ ಇದನ್ನು ಸರಿಯಾಗಿ ಬರೆಯಿರಿ, ಇಷ್ಟಕ್ಕೇ ಕಡತ ವಾಪಸಾದದ್ದಿದೆ.) ಅಂದರೆ ಕಾನೂನಿನ ಕಣ್ಣಿನಲ್ಲಿ ರಾಷ್ಟ್ರದ ಅಕಾಡೆಮಿಯೂ ಬೈಲಾ ಇರುವ ಒಂದು ಸಂಘ. ಆ ಬೈಲಾದಲ್ಲಿ ಸರ್ಕಾರಕ್ಕೆ ಏನೇನು ಅಧಿಕಾರ ಇದೆಯೋ ಅಷ್ಟು ಸರ್ಕಾರದ್ದು, ಉಳಿದದ್ದು ಅಕಾಡೆಮಿಯದ್ದು. 2015ರ ಏಪ್ರಿಲ್‌ನಲ್ಲಿ ಆಡಳಿತದ ಬಗ್ಗೆ ದೂರುಗಳಿವೆ ಎಂದು ಕೇಂದ್ರ ಸರ್ಕಾರ ಲಲಿತ ಕಲಾ ಅಕಾಡೆಮಿಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಕಲಾವಿದರಲ್ಲಿ ಕೆಲವರಿಗೆ ಅದು ಆಘಾತ, ಕೆಲವರಿಗೆ ಸಮಾಧಾನ. ಬೈಲಾ ಓದಿದವರಿಗೆ ಎರಡೂ ಅಲ್ಲ.

ಕಾಯ್ದೆಯಿಂದ ಹುಟ್ಟಿದ್ದರೆ ಎಲ್ಲ ಸರಿಯಾಗುತ್ತಿತ್ತೇ? ಆಕಾಶವಾಣಿ, ದೂರದರ್ಶನಗಳ ಪ್ರಸಾರ ಭಾರತಿಗೆ ಸಂಸತ್ತಿನದ್ದೇ ಕಾಯ್ದೆ ಇದೆ. ಕಾಯ್ದೆ ಇದ್ದೂ ಅದು ಹಣಕ್ಕೆ ಸರ್ಕಾರದ ಕಡೆ ನೋಡುವುದನ್ನು ಕಂಡ ಮೇಲೆ ಆ ಆಸೆಯನ್ನೂ ನಾನು ಬಿಟ್ಟೆ.

2. ಅಧ್ಯಕ್ಷರು ಯಾವ ಬಾಗಿಲಿನಿಂದ ಬಂದರು ನೋಡಿ

ಕನ್ನಡಿಗರಾದ ನಮಗೆ ಈ ವಿಷಯ ಅರ್ಥ ಮಾಡಿಕೊಳ್ಳಲು ಒಳ್ಳೆಯ ಅನುಕೂಲವಿದೆ. ವಿ.ಕೃ. ಗೋಕಾಕ, ಯು.ಆರ್. ಅನಂತಮೂರ್ತಿ, ಚಂದ್ರಶೇಖರ ಕಂಬಾರ, ಈ ಮೂವರೂ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಜಯಚಾಮರಾಜ ಒಡೆಯರ್, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, ಗಿರೀಶ ಕಾರ್ನಾಡ, ಇವರು ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಪೇಪರಿನಲ್ಲಿ ಇವರೆಲ್ಲರ ಸುದ್ದಿಯೂ ಒಂದೇ ಥರ ಬಂದಿರುತ್ತದೆ: ಕನ್ನಡಿಗರಿಗೆ ಸಂದ ಗೌರವ. ಆದರೆ ಮೊದಲ ಮೂವರನ್ನು ಆರಿಸಿದ್ದು ಆ ಅಕಾಡೆಮಿಯ ಜನರಲ್ ಕೌನ್ಸಿಲ್, ಅಂದರೆ ಬೇರೆ ಬೇರೆ ಭಾಷೆಗಳ ಸದಸ್ಯರು ಹಾಕಿದ ಮತ. 2018ರಲ್ಲಿ ಕಂಬಾರರು ಪ್ರತಿಭಾ ರಾಯ್ ಮತ್ತು ಭಾಲಚಂದ್ರ ನೆಮಾಡೆಯವರ ಎದುರು ಸ್ಪರ್ಧಿಸಿ ಗೆದ್ದವರು. ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರನ್ನು ನೇಮಿಸುವುದು ರಾಷ್ಟ್ರಪತಿ, ಅವಧಿ ಐದು ವರ್ಷ. ರಾಷ್ಟ್ರಪತಿ ಎಂದರೆ ವ್ಯವಹಾರದಲ್ಲಿ ಸರ್ಕಾರ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಚುನಾವಣೆಯೇ ಶ್ರೇಷ್ಠ, ನೇಮಕ ಕನಿಷ್ಠ ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಮತ ಎಂದ ಮೇಲೆ ಗುಂಪು, ಫೋನು, ಹಿಂದಿನ ರಾತ್ರಿಯ ಊಟ ಎಲ್ಲವೂ ಇರುತ್ತವೆ. ಕಾರ್ನಾಡರು 1988ರಿಂದ 1993ರವರೆಗೆ ನೇಮಕದಿಂದಲೇ ಬಂದು ಕೂತವರು, ಯಾರ ಮುಲಾಜಿಗೂ ಬಿದ್ದವರಲ್ಲ. ವ್ಯತ್ಯಾಸ ಕಾಣುವುದು ಜಗಳ ಬಂದಾಗ. ಮತದಿಂದ ಬಂದವರ ಬೆನ್ನಿಗೆ ಒಂದು ಸಭೆ ಇರುತ್ತದೆ. ನೇಮಕವಾಗಿ ಬಂದವರ ಬೆನ್ನಿಗಿರುವುದು ಅವರ ಹೆಸರಿನ ತೂಕ ಮಾತ್ರ.

ಇನ್ನೊಂದು ಮಾತು. ಅಧ್ಯಕ್ಷರಿಗೆ ಹಾರ ಹಾಕಿ ಬಂದರೆ ನಿಮ್ಮ ಕಡತ ಕದಲುವುದಿಲ್ಲ. ದಿನನಿತ್ಯದ ಆಡಳಿತ ಕಾರ್ಯದರ್ಶಿಯ ಕೈಯಲ್ಲಿ. ಹಣದ ತೀರ್ಮಾನ ಹಣಕಾಸು ಸಮಿತಿ ದಾಟಿ ಎಕ್ಸಿಕ್ಯೂಟಿವ್ ಬೋರ್ಡಿಗೆ ಹೋಗುತ್ತದೆ. ಸಚಿವಾಲಯದ ಹಣಕಾಸು ಸಲಹೆಗಾರರು ಅಲ್ಲಿ ಹೂಂ ಅನ್ನಬೇಕು. ಪ್ರಸಿದ್ಧ ಗಾಯಕರೊಬ್ಬರು ಒಂದು ಸಭೆಯಲ್ಲಿ ಅರ್ಧ ಗಂಟೆ ರಾಗದ ಭವಿಷ್ಯದ ಬಗ್ಗೆ ಮಾತಾಡಿದರು. ಎಲ್ಲರೂ ತಲೆದೂಗಿದರು. ಆಮೇಲೆ ಹಣಕಾಸಿನ ಅಧಿಕಾರಿ ಎರಡೇ ವಾಕ್ಯ ಹೇಳಿದರು. ನಡಾವಳಿಯಲ್ಲಿ ದಾಖಲಾದದ್ದು ಆ ಎರಡು ವಾಕ್ಯ.

3. ಮಾಲೆ ಒಂದು ಕಡೆಯಿಂದ, ಸಂಬಳ ಇನ್ನೊಂದು ಕಡೆಯಿಂದ

ಕರಾವಳಿಯ ಹಿರಿಯ ಭಾಗವತರೊಬ್ಬರು ಒಮ್ಮೆ ಕೇಳಿದರು: "ಎಂತ ಮಾರಾಯ್ರೆ, ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ನಮ್ಮ ಮಕ್ಕಳಿಗೆ ಕಲಿಸ್ಲಿಕ್ಕೆ ತಿಂಗಳು ತಿಂಗಳು ದುಡ್ಡು ಬರ್ತದಾ?"

"ಇಲ್ಲ ಭಾಗವತರೆ, ಅದಕ್ಕೆ ಬೇರೆ ಅರ್ಜಿ."

"ಬೇರೆ ಅರ್ಜಿ ಅದೇ ಅಕಾಡೆಮಿಗಾ?"

"ಅಲ್ಲ, ಸಚಿವಾಲಯಕ್ಕೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಕಾಡೆಮಿ ಎಂತಕ್ಕೆ?" ಅಂದರು. ನಾನು ಓದಿದ ಯಾವ ವರದಿಯೂ ಇದನ್ನು ಇಷ್ಟು ನೇರವಾಗಿ ಕೇಳಿಲ್ಲ.

ವಿಷಯ ಹೀಗಿದೆ. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ: ಪುರಸ್ಕಾರಕ್ಕೆ 1 ಲಕ್ಷ ರೂಪಾಯಿ, ಅದಕ್ಕೂ ಮೇಲಿನ ಫೆಲೋಶಿಪ್ಪಿಗೆ 3 ಲಕ್ಷ, ನಲವತ್ತರೊಳಗಿನವರಿಗೆ ಬಿಸ್ಮಿಲ್ಲಾ ಖಾನ್ ಹೆಸರಿನ ಯುವ ಪುರಸ್ಕಾರ. ಉತ್ಸವ ನಡೆಸುತ್ತದೆ, ಧ್ವನಿ ಮತ್ತು ದೃಶ್ಯ ದಾಖಲೆಗಳ ದೊಡ್ಡ ಸಂಗ್ರಹ ಕಾಪಾಡುತ್ತದೆ, ಇಂಫಾಲದ ಜವಾಹರಲಾಲ್ ನೆಹರೂ ಮಣಿಪುರ ನೃತ್ಯ ಅಕಾಡೆಮಿಯನ್ನೂ ದೆಹಲಿಯ ಕಥಕ್ ಕೇಂದ್ರವನ್ನೂ ನೋಡಿಕೊಳ್ಳುತ್ತದೆ. ರಾಷ್ಟ್ರೀಯ ನಾಟಕ ಶಾಲೆಯೂ 1959ರಲ್ಲಿ ಇದರ ಮಡಿಲಲ್ಲೇ ಹುಟ್ಟಿ 1975ರಲ್ಲಿ ಬೇರೆ ಮನೆ ಮಾಡಿದ್ದು. ಸಂಸ್ಥೆಗಳಿಗೆ ಸಣ್ಣಪುಟ್ಟ ಸಹಾಯಧನವೂ ಇದೆ. ಆದರೆ ಒಂದು ತಂಡದ ಒಲೆ ಉರಿಯುವ ಮೊತ್ತ ಸಂಸ್ಕೃತಿ ಸಚಿವಾಲಯದ ಯೋಜನೆಗಳಿಂದ ನೇರವಾಗಿ ಬರುತ್ತದೆ. ಗುರು-ಶಿಷ್ಯ ಪರಂಪರೆಯ ರೆಪರ್ಟರಿ ಅನುದಾನದಲ್ಲಿ ಗುರುವಿಗೆ ತಿಂಗಳಿಗೆ 15,000, ಶಿಷ್ಯರಿಗೆ ವಯಸ್ಸಿನ ಮೇಲೆ ಗರಿಷ್ಠ 10,000. ನಾಟಕ, ಉತ್ಸವ, ವಿಚಾರಗೋಷ್ಠಿಗೆ ಸಾಮಾನ್ಯವಾಗಿ 5 ಲಕ್ಷದವರೆಗೆ ಕೊಡುವ ಇನ್ನೊಂದು ಯೋಜನೆ. ಇವುಗಳಿಗೆ ತಜ್ಞರ ಸಮಿತಿ ಇರುತ್ತದೆ ನಿಜ, ಆದರೆ ಆ ಸಮಿತಿಯನ್ನು ಮಾಡುವುದು ಸಚಿವಾಲಯ.

ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಕಟ್ಟುವಾಗ ಅರ್ಥಶಾಸ್ತ್ರಜ್ಞ ಕೇನ್ಸ್ ಹಿಂದೆ ನಿಂತು ಮಾಡಿಸಿದ ಏರ್ಪಾಡು ಸರಳವಾಗಿತ್ತು: ಸರ್ಕಾರ ಒಟ್ಟು ಮೊತ್ತ ಕೊಡಲಿ, ಯಾವ ನಾಟಕಕ್ಕೆ ಎಷ್ಟು ಎಂಬುದನ್ನು ಕೌನ್ಸಿಲ್ ನೋಡಿಕೊಳ್ಳಲಿ. ನಮ್ಮಲ್ಲಿ ಅಂಥದ್ದೊಂದು ಸಂಸ್ಥೆಯನ್ನು ಕಟ್ಟಿ, ಫಿರೋಜ್ ಶಾ ರಸ್ತೆಯಲ್ಲಿ ಹಬೀಬ್ ರಹಮಾನ್ ವಿನ್ಯಾಸ ಮಾಡಿದ ಚಂದದ ರವೀಂದ್ರ ಭವನದಲ್ಲಿ ಕೂರಿಸಿ, ಆಮೇಲೆ ದೊಡ್ಡ ಹಣವನ್ನು ಅದರ ಪಕ್ಕದ ಓಣಿಯಿಂದ ಸಾಗಿಸಿದೆವು. ಸ್ವಾಯತ್ತತೆಗೆ ಯಾರೂ ಕೈ ಹಚ್ಚಲಿಲ್ಲ. ಅದು ತೀರ್ಮಾನಿಸಬಹುದಾದ ಸಂಗತಿಗಳೇ ಕಡಿಮೆಯಾದವು.

4. ಬಜೆಟ್ ಶೀರ್ಷಿಕೆಗಳ ನಂಬರು ಬಾಯಿಪಾಠ ಮಾಡಿ

2025-26ರ ಕೇಂದ್ರ ಬಜೆಟ್ಟಿನಲ್ಲಿ ಸಂಸ್ಕೃತಿ ಸಚಿವಾಲಯಕ್ಕೆ ಇಟ್ಟದ್ದು ಸುಮಾರು 3,361 ಕೋಟಿ ರೂಪಾಯಿ. ಒಟ್ಟು ಬಜೆಟ್ 50 ಲಕ್ಷ ಕೋಟಿಗೂ ಮೇಲೆ. ಲೆಕ್ಕ ಹಾಕಿದರೆ ನೂರು ರೂಪಾಯಿಗೆ ಏಳು ಪೈಸೆಯೂ ಇಲ್ಲ. ಆ ಏಳು ಪೈಸೆಯಲ್ಲೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಹೋಗುತ್ತದೆ. ಹಂಪಿ, ಬಾದಾಮಿಗಳಿಗೆ ಬೇಕಾದದ್ದೇ, ತಕರಾರಿಲ್ಲ. ಉಳಿದದ್ದರಲ್ಲಿ ಮ್ಯೂಸಿಯಂ, ಗ್ರಂಥಾಲಯ, ಸ್ಮರಣೋತ್ಸವ ಎಲ್ಲ ಕಳೆದು ಅಕಾಡೆಮಿಗಳ ಸರದಿ.

ಅಕಾಡೆಮಿಗೆ ಬರುವ ಹಣವೂ ಒಂದೇ ಚೀಲದಲ್ಲಿ ಬರುವುದಿಲ್ಲ. ಬಜೆಟ್ ಶೀರ್ಷಿಕೆಗಳಲ್ಲಿ 36 ಎಂದರೆ ಸಂಬಳ, 31 ಎಂದರೆ ಸಾಮಾನ್ಯ ಖರ್ಚು, 35 ಎಂದರೆ ಕಟ್ಟಡ-ಸಲಕರಣೆಯಂಥ ಆಸ್ತಿ. 36ರಲ್ಲಿ ಉಳಿದದ್ದನ್ನು ತಮ್ಮಷ್ಟಕ್ಕೆ 31ಕ್ಕೆ ತಂದು ನಾಟಕೋತ್ಸವ ಮಾಡುವ ಹಾಗಿಲ್ಲ. ಹಾಗಾಗಿ "ಅಕಾಡೆಮಿಗೆ ಇಷ್ಟು ಕೋಟಿ ಬಂದಿದೆ, ನಮಗೆ ಯಾಕೆ ಕೊಡುವುದಿಲ್ಲ" ಎಂದು ವೇದಿಕೆಯಲ್ಲಿ ಕೂಗುವ ಮೊದಲು 31ರಲ್ಲಿ ಎಷ್ಟಿದೆ ಎಂದು ನೋಡಿ. ವಾರ್ಷಿಕ ವರದಿ ಮತ್ತು ಆಡಿಟ್ ಆದ ಲೆಕ್ಕ ಸಂಸತ್ತಿನ ಎರಡೂ ಸದನಗಳ ಮುಂದೆ ಬರುತ್ತವೆ, ಸಿಎಜಿ ಲೆಕ್ಕ ತಪಾಸಣೆ ಇರುತ್ತದೆ, ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಇಷ್ಟೆಲ್ಲ ತೆರೆದಿಟ್ಟ ಪುಸ್ತಕವನ್ನು ರಂಗಭೂಮಿಯವರು ಓದುವುದಿಲ್ಲ ಎಂಬುದು ನನ್ನ ಹಳೆಯ ಸಿಟ್ಟು.

5. ಗಂಟು ಇಟ್ಟುಕೊಂಡವರೂ ಬಡ್ಡಿಯ ಕೈಗೊಂಬೆ

ವರ್ಷವರ್ಷ ಕೈ ಚಾಚುವ ಬದಲು ಒಂದು ಮೂಲಧನ ಕೊಟ್ಟುಬಿಟ್ಟರೆ ಸ್ವಾಯತ್ತತೆ ತಾನಾಗಿ ಬರುತ್ತದೆ ಎಂದು ನಾನೂ ಬಹಳ ಕಾಲ ವಾದಿಸಿದ್ದೇನೆ. ಕೆನಡಾ ಕೌನ್ಸಿಲ್ 1957ರಲ್ಲಿ ಶುರುವಾದದ್ದು ಹಾಗೆಯೇ. ಇಬ್ಬರು ಶ್ರೀಮಂತರ ಮರಣಾನಂತರದ ತೆರಿಗೆಯಿಂದ ಬಂದ ಹಣದಲ್ಲಿ ನಿಧಿ ಕಟ್ಟಿದರು. ಈಗ ಅದಕ್ಕೂ ಬಹುಪಾಲು ಹಣ ಅಲ್ಲಿನ ಸಂಸತ್ತಿನಿಂದಲೇ ಬರಬೇಕು. ನಮ್ಮಲ್ಲಿ 1980ರ ದಶಕದ ನಡುವೆ ಬಂದ ವಲಯ ಸಾಂಸ್ಕೃತಿಕ ಕೇಂದ್ರಗಳೂ ಕೇಂದ್ರ ಮತ್ತು ಸದಸ್ಯ ರಾಜ್ಯಗಳು ಸೇರಿ ಹಾಕಿದ ಮೂಲಧನದ ಮೇಲೆ ನಿಂತವು. ಕರ್ನಾಟಕ ತಂಜಾವೂರಿನ ಕೇಂದ್ರಕ್ಕೂ ನಾಗಪುರದ ಕೇಂದ್ರಕ್ಕೂ ಸದಸ್ಯ. ಇದು ಗೊತ್ತಿಲ್ಲದೆ ನಾಗಪುರದ ಕಡೆ ಅರ್ಜಿಯನ್ನೇ ಹಾಕದ ತಂಡಗಳಿವೆ. ಮೂಲಧನ ಇದ್ದಲ್ಲೇ ಇದ್ದು ಬಡ್ಡಿದರ ಇಳಿದರೆ, ಕಲಾವಿದರ ಸಂಭಾವನೆ ಏರಿದರೆ ಏನಾಗುತ್ತದೆ ಎಂದು ಠೇವಣಿಯ ಬಡ್ಡಿಯಲ್ಲಿ ಬದುಕುವ ಯಾವ ಅಜ್ಜನನ್ನು ಕೇಳಿದರೂ ಹೇಳುತ್ತಾರೆ. ಈಗ ನಾನು ಆ ವಾದ ಮಾಡುವುದಿಲ್ಲ.

6. ಯುಸಿ ಬರೆಯಲು ಬಾರದವರು ನಾಟಕ ಆಡಿಸಬಹುದು, ತಂಡ ನಡೆಸಲಾಗದು

ಯುಸಿ ಎಂದರೆ ಹಣ ಬಳಸಿದ್ದಕ್ಕೆ ಪ್ರಮಾಣಪತ್ರ. ಕೇಂದ್ರದ ಹಣವಾದರೆ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ, ಆರ್ಥಿಕ ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ಕೊಡಬೇಕು. ಹಳೆಯ ಯುಸಿ ಬಾಕಿ ಇದ್ದರೆ ಹೊಸ ಕಂತು ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆಮೇಲಿನದ್ದು.

ಅನುದಾನದ ಹಣ ಬ್ಯಾಂಕಿನಲ್ಲಿ ಕೂತಾಗ ಬರುವ ಬಡ್ಡಿ ನಿಮ್ಮದಲ್ಲ, ಲೆಕ್ಕ ಮುಗಿದ ಮೇಲೆ ಸರ್ಕಾರಕ್ಕೆ ವಾಪಸು ಕಟ್ಟಬೇಕು. ಒಂದೇ ಕೆಲಸಕ್ಕೆ ಇನ್ನೊಂದು ಇಲಾಖೆಯಿಂದ ಹಣ ಪಡೆದಿಲ್ಲ ಎಂದು ಬರೆದುಕೊಡಬೇಕು. ಒಂದೇ ನಾಟಕವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ದೆಹಲಿಗೂ ತೋರಿಸುವವರು ಯಾವ ಖರ್ಚು ಯಾವ ಹಣದಿಂದ ಎಂದು ಮೊದಲೇ ಬೇರೆ ಮಾಡಿಡಬೇಕು. ಅನುದಾನದಲ್ಲಿ ಕೊಂಡ ಡಿಮ್ಮರ್, ಸ್ಪಾಟ್‌ಲೈಟುಗಳನ್ನು ಹಳೆಯದಾಯಿತೆಂದು ಗುಜರಿಗೆ ಹಾಕುವ ಮುನ್ನ ಅನುಮತಿ ಬೇಕು, ಅವುಗಳಿಗೊಂದು ರಿಜಿಸ್ಟರು ಬೇಕು. ಕೆಲವು ಯೋಜನೆಗಳಲ್ಲಿ ಕಾಲು ಭಾಗ ನೀವು ಹಾಕಬೇಕು. "ನೀವು" ಎಂದರೆ ಟಿಕೆಟ್, ದಾನಿ, ಕೊನೆಗೆ ನಿರ್ದೇಶಕರ ಹೆಂಡತಿಯ ಬಳೆ. ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಪೋರ್ಟಲಿನ ಸಂಖ್ಯೆ, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇವುಗಳ ನವೀಕರಣದ ದಿನಾಂಕಗಳನ್ನು ತಾಲೀಮು ಕೋಣೆಯ ಗೋಡೆಗೆ ಬರೆದು ಅಂಟಿಸಿ. ಸಿಎ ನೆನಪಿಸುತ್ತಾರೆ ಎಂದು ನಂಬಿ ಕೂರಬೇಡಿ, ಮಾರ್ಚ್ ಎಂಡಿನಲ್ಲಿ ಅವರಿಗೆ ನೀವು ಮುಖ್ಯ ಕಕ್ಷಿದಾರರಲ್ಲ.

ಹಣ ತಡವಾಗಿ ಬರುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಒಂದು ವರ್ಷದ ಶಿಷ್ಯವೇತನ ಮುಂದಿನ ವರ್ಷ ಕೈಗೆ ಬಂದು, ಅಷ್ಟರಲ್ಲಿ ಇಬ್ಬರು ಹುಡುಗರು ಧಾರಾವಾಹಿ ಸೇರಿ, ಒಬ್ಬಳು ಮದುವೆಯಾಗಿ ಊರು ಬಿಟ್ಟಿದ್ದ ಪ್ರಸಂಗಗಳನ್ನು ಎಲ್ಲ ತಂಡದವರೂ ಹೇಳುತ್ತಾರೆ. ನಾವು ಕಂಡುಕೊಂಡ ದಾರಿ ಒಂದೇ: ಅನುದಾನ ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿ ಯಾರಿಗೂ ಮಾತು ಕೊಡದಿರುವುದು. ಮಂಜೂರಾತಿ ಆದೇಶ ಕೈಗೆ ಬಂದರೂ ಅದು ಹಣವಲ್ಲ.

7. ಸಮಿತಿಯಲ್ಲಿ ಕೂತಾಗ

ಒಂದು ದಿನಕ್ಕೆ ರಾಶಿ ಕಡತ ಮೇಜಿಗೆ ಬರುತ್ತವೆ. ನಾಟಕವನ್ನು ನೋಡದೆ ನಾಟಕಕ್ಕೆ ಹಣ ಕೊಡುವ ವಿಚಿತ್ರ ಕೆಲಸ ಅದು. ಕೆಲವನ್ನು ಕಡತವೇ ಹೇಳಿಬಿಡುತ್ತದೆ. ಮೂರು ತಂಡಗಳ ಶಿಷ್ಯರ ಪಟ್ಟಿಯಲ್ಲಿ ಅವೇ ಹೆಸರುಗಳು. ಬೇರೆ ಬೇರೆ ಜಿಲ್ಲೆಯ ಪ್ರದರ್ಶನಗಳ ಫೋಟೋಗಳಲ್ಲಿ ಅದೇ ಪರದೆ, ಅದೇ ಮೊದಲ ಸಾಲಿನ ಪ್ರೇಕ್ಷಕರು. ಏಜೆಂಟರು ಬರೆದ ಅರ್ಜಿಯೂ ಗುರುತು ಸಿಗುತ್ತದೆ. ಅದರಲ್ಲಿ "ಮಹಾನ್ ಪರಂಪರೆ" ಎಂಬುದು ಪ್ಯಾರಾಕ್ಕೆ ಎರಡು ಸಲ ಬರುತ್ತದೆ, ನಾಟಕದ ಹೆಸರು ಒಂದು ಸಲವೂ ಬರುವುದಿಲ್ಲ.

ಕಷ್ಟ ಇರುವುದು ಒಳ್ಳೆಯ ತಂಡದ ಕೆಟ್ಟ ಅರ್ಜಿಯಲ್ಲಿ. ಬಳ್ಳಾರಿ ಕಡೆಯ ಬಯಲಾಟದ ಮೇಳವೊಂದಕ್ಕೆ ಹಿಂದಿಯೂ ಬಾರದು, ಇಂಗ್ಲಿಷೂ ಬಾರದು. ಅರ್ಜಿ ಹಾಕುವ ಪೋರ್ಟಲಿಗೆ ಕನ್ನಡ ಬಾರದು. ಆ ಕಡತದ ಪರವಾಗಿ ಮಾತಾಡುವುದೇ ಸಮಿತಿಯಲ್ಲಿ ಕನ್ನಡದವರೊಬ್ಬರು ಇರುವುದರ ಅರ್ಥ ಎಂದು ನಾನು ತಿಳಿದಿದ್ದೆ. ಆದರೆ ಒಡಿಶಾದವರೂ ಅಸ್ಸಾಮಿನವರೂ ಹಾಗೇ ತಿಳಿದಿರುತ್ತಾರೆ. ಕೊನೆಗೆ ಎಲ್ಲರ ಕಡತಕ್ಕೂ ಒಂದಿಷ್ಟು ಎಂದು ಹಂಚಿ, ಯಾರಿಗೂ ಸಾಲದ ಮೊತ್ತ ಎಲ್ಲರಿಗೂ ಸಿಗುತ್ತದೆ. ಇದಕ್ಕೆ ಪ್ರಾದೇಶಿಕ ಸಮತೋಲನ ಎಂದು ಹೆಸರು. ಹತ್ತು ತಂಡಗಳಿಗೆ ಅರೆಹೊಟ್ಟೆಗಿಂತ ನಾಲ್ಕು ತಂಡಗಳಿಗೆ ಮೂರು ವರ್ಷದ ಭರವಸೆ ಮೇಲು ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಳಿದಾಗಲೆಲ್ಲ ಕಾಫಿ ಬರುವ ಹೊತ್ತಾಗುತ್ತಿತ್ತು.

ನಿಮ್ಮ ತಂಡದ ಕಡತ ಬಂದಾಗ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ. ಎದ್ದು ಹೋಗುವುದಕ್ಕಿಂತ ಬರೆಸುವುದು ಮುಖ್ಯ.

8. ರಾಜ್ಯದ ಅಕಾಡೆಮಿಗೆ ಆಯುಷ್ಯ ಮೂರು ವರ್ಷ, ಅದೂ ಸರ್ಕಾರ ಉಳಿದರೆ

ಕರ್ನಾಟಕದಲ್ಲಿ ನಾಟಕ, ಸಂಗೀತ-ನೃತ್ಯ, ಯಕ್ಷಗಾನ, ಬಯಲಾಟ, ಜಾನಪದ ಎಂದು ಬೇರೆ ಬೇರೆ ಅಕಾಡೆಮಿಗಳಿವೆ. ಅಷ್ಟು ಸಂಖ್ಯೆ ಬೇರೆ ರಾಜ್ಯದವರಿಗೆ ಅಸೂಯೆ ಹುಟ್ಟಿಸುತ್ತದೆ. ಆದರೆ 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾದಾಗ ನಾಮನಿರ್ದೇಶನಗಳು ರದ್ದಾಗಿ, ಹೊಸ ಅಧ್ಯಕ್ಷರು ಬಂದದ್ದು 2024ರ ಮಾರ್ಚಿನಲ್ಲಿ. ಹಿಂದೆಯೂ ಬೇರೆ ಪಕ್ಷಗಳು ಇದನ್ನೇ ಮಾಡಿವೆ. ಆ ನಡುವಿನ ತಿಂಗಳುಗಳಲ್ಲಿ ರಿಜಿಸ್ಟ್ರಾರ್ ಇರುತ್ತಾರೆ, ಕಚೇರಿ ಇರುತ್ತದೆ, ಯೋಜನೆ ಇರುವುದಿಲ್ಲ. ಚುನಾವಣೆಯ ವರ್ಷದಲ್ಲಿ ರಾಜ್ಯ ಅಕಾಡೆಮಿಯನ್ನು ನಂಬಿ ಉತ್ಸವ ಇಟ್ಟುಕೊಳ್ಳಬೇಡಿ.

9. ವರದಿಗಳನ್ನು ಓದಿ, ಹೊಸದಕ್ಕಿಂತ ಹಳೆಯದನ್ನು

ಅಕಾಡೆಮಿಗಳನ್ನು ಪರಿಶೀಲಿಸಲು 1964ರಲ್ಲಿ ಹೋಮಿ ಭಾಭಾ, ಎಪ್ಪತ್ತರ ದಶಕದ ಆರಂಭದಲ್ಲಿ ನ್ಯಾಯಮೂರ್ತಿ ಖೋಸ್ಲಾ, 1988ರಿಂದ 1990ರವರೆಗೆ ಪಿ.ಎನ್. ಹಕ್ಸರ್, 2014ರಲ್ಲಿ ಅಭಿಜಿತ್ ಸೇನ್‌ಗುಪ್ತಾ, ಹೀಗೆ ಸಮಿತಿಗಳು ಬಂದಿವೆ. ಇವುಗಳ ವರದಿಗಳಲ್ಲಿ ಒಂದನ್ನು ಪೂರ್ತಿ ಓದಿದರೂ ಮುಂದಿನ ಹತ್ತು ವರ್ಷದ ವಿಚಾರಗೋಷ್ಠಿಗಳಿಗೆ ಹೋಗುವ ಶ್ರಮ ಉಳಿಯುತ್ತದೆ.

2023ರ ಜುಲೈನಲ್ಲಿ ಸಂಸದೀಯ ಸ್ಥಾಯಿ ಸಮಿತಿಯೊಂದು, ಪ್ರಶಸ್ತಿ ಕೊಡುವ ಮೊದಲೇ ಕಲಾವಿದರಿಂದ ಒಪ್ಪಿಗೆ ಬರೆಸಿಕೊಳ್ಳಬೇಕು, ಮುಂದೆ ರಾಜಕೀಯ ಕಾರಣಕ್ಕೆ ಹಿಂದಿರುಗಿಸಬಾರದು ಎಂದು ಶಿಫಾರಸು ಮಾಡಿತು. ಹಿನ್ನೆಲೆ ನಮಗೆ ಹತ್ತಿರದ್ದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾಯಿತು, ತನ್ನದೇ ಪ್ರಶಸ್ತಿ ಪಡೆದ ವಿದ್ವಾಂಸರ ಬಗ್ಗೆ ಸಾಹಿತ್ಯ ಅಕಾಡೆಮಿ ಮೌನವಾಗಿದೆ ಎಂದು ಹಲವು ಭಾಷೆಯ ಲೇಖಕರು ಪ್ರಶಸ್ತಿ ಮರಳಿಸಿದರು. ಅನುದಾನಕ್ಕೆ ಷರತ್ತು ಇರಲಿ, ಅದು ಜನರ ತೆರಿಗೆ. ಯುಸಿ ಕೇಳಲಿ, ಬಡ್ಡಿ ವಾಪಸು ಕೇಳಲಿ. ಪ್ರಶಸ್ತಿ ಅನುದಾನವಲ್ಲ. ಆಗಲೇ ಮಾಡಿ ಮುಗಿಸಿದ ಕೆಲಸಕ್ಕೆ ಕೊಡುವ ಮರ್ಯಾದೆಗೆ ಮುಚ್ಚಳಿಕೆ ಬರೆಸಿಕೊಂಡರೆ ಕೊಡುವವರ ಮರ್ಯಾದೆಯೇ ಕಡಿಮೆಯಾಗುತ್ತದೆ.

10. ಟಿಕೆಟ್ ಹರಿಯುವ ಅಭ್ಯಾಸ ಬಿಡಬೇಡಿ

ರಂಗಭೂಮಿಯ ಪ್ರದರ್ಶನಕ್ಕೆ ಒಬ್ಬರಿಗೆ 500 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಪಟ್ಟಿಯಲ್ಲಿ ಕಲೆ ಮತ್ತು ಸಂಸ್ಕೃತಿ ಇದೆ. ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟ ನಡೆಸುತ್ತಿದ್ದು, ಆ ನಾಟಕಗಳನ್ನು ಊರೂರಿನ ಸಂಘಟಕರು ಕರೆಸಿಕೊಳ್ಳುತ್ತಾರೆ. ಅನುದಾನ ನಿಂತ ವರ್ಷವೂ ಆ ಸಂಘಟಕರು ಊರಿನಲ್ಲೇ ಇರುತ್ತಾರೆ.

11. ನಿಮ್ಮ ಪ್ರತಿನಿಧಿ ಯಾರು?

ಸಂಗೀತ ನಾಟಕ ಅಕಾಡೆಮಿಯ ಜನರಲ್ ಕೌನ್ಸಿಲ್ಲಿನಲ್ಲಿ ಪ್ರತಿ ರಾಜ್ಯಕ್ಕೂ ಒಬ್ಬ ಸದಸ್ಯರ ಜಾಗ ಇದೆ, ನಾಮಕರಣ ಮಾಡುವುದು ರಾಜ್ಯ ಸರ್ಕಾರ. ಈಗ ಕರ್ನಾಟಕದಿಂದ ಯಾರಿದ್ದಾರೆ ಎಂದು ನಾನು ಕೇಳಿದ ತಂಡಗಳಲ್ಲಿ ಉತ್ತರ ಗೊತ್ತಿದ್ದವರು ಅಪರೂಪ. ಹೆಸರು ವಾರ್ಷಿಕ ವರದಿಯಲ್ಲಿರುತ್ತದೆ. ಅವರಿಗೆ ಪತ್ರ ಬರೆಯುವುದಾದರೆ ಯುಗಾದಿಗೆ ಬರೆಯಬೇಡಿ, ಆ ಹೊತ್ತಿಗೆ ಹಂಚಿಕೆ ಆಗಿರುತ್ತದೆ. ಸಚಿವಾಲಯಗಳು ಮುಂದಿನ ವರ್ಷದ ಅಂದಾಜನ್ನೂ ಈ ವರ್ಷದ ಪರಿಷ್ಕೃತ ಅಂದಾಜನ್ನೂ ಹಣಕಾಸು ಸಚಿವಾಲಯದ ಜೊತೆ ಕೂತು ಮಾತಾಡುವುದು ದಸರಾ-ದೀಪಾವಳಿಯ ಆಸುಪಾಸಿನಲ್ಲಿ. ಗಣೇಶನ ಹಬ್ಬ ಮುಗಿದ ವಾರವೇ ಪತ್ರ ಹೋಗಲಿ: ಒಂದೇ ಪುಟ, ಒಂದೇ ಬೇಡಿಕೆ, ಯಾವ ಶೀರ್ಷಿಕೆಯಡಿ ಎಂಬುದು ಮೊದಲ ಸಾಲಿನಲ್ಲಿ. ಅದರ ಒಂದು ಪ್ರತಿಯನ್ನು ಅಕಾಡೆಮಿಯ ಕಾರ್ಯದರ್ಶಿಗೂ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.